ಎಳೆಯುವುದು ಸುಲಭ, ನಿಲ್ಲಿಸುವುದು ಕಷ್ಟ

ಶನಿವಾರ ನಸುಕಿನಲ್ಲಿ ಕಳಂಬೋಲಿ ಸರ್ಕಲ್ಲಿನ ಬದಿಗೆ ಚಹಾ ಕುಡಿಯುತ್ತ ನಿಂತರೆ ಮುಂಬಯಿಯ ಜನ ಊರು ಬಿಟ್ಟು ಹೊರಡುವ ರೀತಿ ಕಾಣುತ್ತದೆ. ಮುಲುಂಡ್, ಚೆಂಬೂರು, ಅಂಧೇರಿ ಕಡೆಯಿಂದ ಬಂದ ಸ್ಕಾರ್ಪಿಯೊ, ಥಾರ್, ಜಿಮ್ನಿಗಳು ಸಾಲುಗಟ್ಟಿರುತ್ತವೆ. ಟಾಪಿನ ಮೇಲೆ ಕ್ಯಾರಿಯರ್, ಅದರ ಮೇಲೆ ತಾಡಪಾಲು ಸುತ್ತಿದ ಟೆಂಟು, ಮಡಚುವ ಕುರ್ಚಿ, ನೀರಿನ ಕ್ಯಾನು. ಒಳಗೆ ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳ ತೊಡೆಯ ಮೇಲೂ ಚೀಲ. ಅದೇ ಸರ್ಕಲ್ಲನ್ನು ನ್ಹಾವಾ ಶೇವಾ ಬಂದರಿನಿಂದ ಹೊರಟ 40 ಅಡಿಯ ಕಂಟೇನರ್ ಟ್ರೇಲರುಗಳು ಒಂದರ ಹಿಂದೆ ಒಂದು ದಾಟುತ್ತಿರುತ್ತವೆ. ಬೆನ್ನಹಿಂದೆ ಭಾರ ಕಟ್ಟಿಕೊಂಡು ಎಳೆಯುವ ವಿದ್ಯೆ ಈ ಊರಿಗೆ ಹೊಸದೇನಲ್ಲ. ಡಾಂಬರು ಕಾಯಿಸುವ ಬಾಯ್ಲರು, ಸಿನಿಮಾ ಶೂಟಿಂಗಿನ ಜನರೇಟರು ಎಲ್ಲವೂ ಇಲ್ಲಿ ಗಾಲಿಯ ಮೇಲೆ ಎಳೆಸಿಕೊಂಡೇ ಓಡಾಡುತ್ತವೆ.

ಕುಟುಂಬದ ಗಾಡಿಯ ಹಿಂದೆ ಮಾತ್ರ ಟ್ರೇಲರ್ ಕಾಣಿಸುವುದು ಅಪರೂಪ. ಎರಡು ಗಾಲಿಯ ಉಕ್ಕಿನ ಚೌಕಟ್ಟು, ಬಿಚ್ಚಿದರೆ ಟೆಂಟಾಗುವ ಮುಚ್ಚಳ, ಹಿಂಬದಿ ತೆರೆದರೆ ಅಡುಗೆ ಕಟ್ಟೆ, ಕೆಳಗೊಂದು ನೀರಿನ ತೊಟ್ಟಿ, ಮೂಲೆಯಲ್ಲಿ ಬ್ಯಾಟರಿ. ಕ್ಯಾಂಪಿಂಗ್ ಟ್ರೇಲರ್ ಎಂದರೆ ಇಷ್ಟೇ. ಮಲಗುವ ಕೋಣೆ, ಸ್ನಾನಗೃಹ, ಟಿ.ವಿ. ಎಲ್ಲ ಇರುವ ದೊಡ್ಡ ಕಾರವಾನಿನ ಮಾತನ್ನು ನಾನು ಆಡುತ್ತಿಲ್ಲ. ಅದು ಸಹ್ಯಾದ್ರಿಯ ಘಾಟಿಗೂ ಒಗ್ಗುವುದಿಲ್ಲ, ಮುಂಬಯಿಯ ಓಣಿಗೂ ಒಗ್ಗುವುದಿಲ್ಲ. ಸಣ್ಣ ಟ್ರೇಲರಿನ ಪರವಾಗಿ ನಾನು ಮನಸಾರೆ ನಿಲ್ಲುತ್ತೇನೆ. ಅದರಲ್ಲಿ ಮನೆ ಬೇರೆ, ಗಾಡಿ ಬೇರೆ. ಕೆರೆಯ ದಡದಲ್ಲಿ ಮನೆಯನ್ನು ಬಿಚ್ಚಿಟ್ಟು ಗಾಡಿಯಲ್ಲಿ ಸಂತೆಗೆ ಹೋಗಿ ಬರಬಹುದು. ಸೋಮವಾರ ಬೆಳಗ್ಗೆ ಅದೇ ಗಾಡಿ ಆಫೀಸಿಗೆ ಸಿದ್ಧ. ಟಾಪಿನ ಮೇಲೆ ಹೇರಿದ ಭಾರ ತಿರುವಿನಲ್ಲಿ ಗಾಡಿಯನ್ನು ಓಲಾಡಿಸುತ್ತದೆ. ಅದೇ ಭಾರ ಟ್ರೇಲರಿನಲ್ಲಿ ನೆಲಕ್ಕೆ ಹತ್ತಿರವಾಗಿ ಕೂರುತ್ತದೆ. ಆದರೆ ಇದನ್ನು ಕೊಳ್ಳಲು ಹೊರಟ ಬಹುಪಾಲು ಜನ ಮೊದಲು ಕೇಳುವ ಪ್ರಶ್ನೆ, “ನನ್ನ ಗಾಡಿ ಎಳೆಯುತ್ತದೆಯೇ?” ಎಳೆಯುತ್ತದೆ. ಇವತ್ತಿನ ಯಾವ ಡೀಸೆಲ್ ಜೀಪಾದರೂ ಎಳೆಯುತ್ತದೆ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ.

ಮಜಗಾಂವ್‌ನಿಂದ ಬಂದ ವಂಶ

ಭಾರತದ ಜೀಪು ಹುಟ್ಟಿದ್ದು ಮುಂಬಯಿಯಲ್ಲಿ. 1945ರಲ್ಲಿ ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಸೋದರರು ಗುಲಾಂ ಮೊಹಮ್ಮದ್ ಅವರೊಂದಿಗೆ ಸೇರಿ ಉಕ್ಕಿನ ವ್ಯಾಪಾರಕ್ಕೆಂದು ಒಂದು ಕಂಪನಿ ಕಟ್ಟಿದರು. ದೇಶ ಇಬ್ಭಾಗವಾದಾಗ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಆಂಡ್ ಮಹೀಂದ್ರ ಎಂದಾಯಿತು. ಅಮೆರಿಕದ ವಿಲ್ಲಿಸ್ ಕಂಪನಿಯಿಂದ ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದ ಜೀಪುಗಳನ್ನು ಮಜಗಾಂವ್‌ನಲ್ಲಿ ಜೋಡಿಸತೊಡಗಿದ್ದು ಆ ಹೊತ್ತಿನಲ್ಲೇ. ಮುಂದೆ 1963ರಲ್ಲಿ ಇದೇ ಕಂಪನಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆಗೂಡಿ ಟ್ರ್ಯಾಕ್ಟರಿಗೆ ಕೈಹಾಕಿತು. ಹಿಂದೊಂದು ಟ್ರೇಲರ್ ಕಟ್ಟಿಕೊಂಡು ಕಬ್ಬು, ಕಲ್ಲು, ಮದುವೆ ದಿಬ್ಬಣ ಎಲ್ಲವನ್ನೂ ಎಳೆಯುವ ಯಂತ್ರ ಕಾಂದಿವಲಿಯಲ್ಲಿ ತಯಾರಾಗತೊಡಗಿತು.

ಯುದ್ಧಕಾಲದ ಆ ಮೂಲ ಜೀಪಿಗೆ ಒಂದು ಜೋಡಿಯೂ ಇತ್ತು. ಕಾಲು ಟನ್ನಿನ, ಎರಡು ಗಾಲಿಯ ಟ್ರೇಲರ್. ಕಚ್ಚಾ ನೆಲದಲ್ಲಿ 500 ಪೌಂಡ್, ಎಂದರೆ ಸುಮಾರು 225 ಕಿಲೊ ಹೊರುವ, ನೀರಿಗಿಳಿದರೆ ತೇಲುವ ಉಕ್ಕಿನ ತೊಟ್ಟಿ. ಜೀಪಿನ ಗಾಲಿಯನ್ನೇ ಅದಕ್ಕೂ ಹಾಕಿದ್ದರು. ಒಂದು ಸ್ಟೆಪ್ನಿ ಎರಡಕ್ಕೂ ಆಗಬೇಕು, ಜೀಪಿನ ಗಾಲಿ ತುಳಿದ ಜಾಡಿನಲ್ಲೇ ಟ್ರೇಲರಿನ ಗಾಲಿಯೂ ಬರಬೇಕು ಎಂಬುದು ಅದರ ಲೆಕ್ಕ. ಕಚ್ಚಾ ದಾರಿಯ ಟ್ರೇಲರ್ ಕಟ್ಟುವವರು ಇವತ್ತಿಗೂ ಬಿಡಬಾರದ ಎರಡು ನಿಯಮಗಳಿವು. ಕೆಸರಿನಲ್ಲಿ ಎರಡು ಗಾಲಿ ಒಂದೇ ಜಾಡಿನಲ್ಲಿ ಹೋದರೆ ಎಂಜಿನ್ನಿಗೆ ಅರ್ಧ ಕೆಲಸ. ಟ್ರೇಲರಿನ ಗಾಲಿ ಬೇರೆ ಅಗಲದಲ್ಲಿದ್ದರೆ ಅದು ತನ್ನದೇ ಹೊಸ ಜಾಡನ್ನು ಅಗೆಯಬೇಕು. ಕುರ್ಲಾ–ಕಲೀನಾ ನಡುವಿನ ಸಿಎಸ್‌ಟಿ ರಸ್ತೆಯ ಗ್ಯಾರೇಜುಗಳಲ್ಲಿ ಟ್ರೇಲರ್ ಮಾಡಿಸುವ ಆಸೆಯಿಂದ ಬರುವವರಿಗೆ ನಾನು ಮೊದಲು ಕೊಡುವ ಸಲಹೆ ಇದೇ: ನಿಮ್ಮ ಗಾಡಿಯ ಗಾಲಿ, ನಿಮ್ಮ ಗಾಡಿಯ ಅಗಲ.

ಈಗಿನ ಗಾಡಿಗಳಿಗೆ ಬರೋಣ. ಪುಣೆ ಬಳಿಯ ಚಾಕಣ್‌ನಲ್ಲಿ ತಯಾರಾಗುವ ಸ್ಕಾರ್ಪಿಯೊ-ಎನ್ 2022ರ ಜೂನ್‌ನಲ್ಲಿ ಇಲ್ಲಿ ಮಾರುಕಟ್ಟೆಗೆ ಬಂತು. ಮರುವರ್ಷ ಆಸ್ಟ್ರೇಲಿಯಕ್ಕೂ ಹೋಯಿತು. ಅಲ್ಲಿ ಅದರ ಎಳೆಯುವ ಮಿತಿಯನ್ನು ಕಂಪನಿಯೇ ಹೇಳುತ್ತದೆ. ಟ್ರೇಲರಿಗೆ ತನ್ನದೇ ಬ್ರೇಕ್ ಇದ್ದರೆ 2,500 ಕಿಲೊ, ಇಲ್ಲದಿದ್ದರೆ 750 ಕಿಲೊ. ನಮ್ಮ ದೇಶದಲ್ಲೇ ತಯಾರಾಗಿ ಅಲ್ಲಿಗೆ ಹೋಗುವ ಐದು ಬಾಗಿಲಿನ ಜಿಮ್ನಿಗೆ 1,300 ಮತ್ತು 350. ನಮ್ಮ ಶೋರೂಮಿನ ಕರಪತ್ರದಲ್ಲಿ ಎಂಜಿನ್ನಿನ ಬಲ, ಪರದೆಯ ಅಗಲ, ಸ್ಪೀಕರುಗಳ ಸಂಖ್ಯೆ ಎಲ್ಲ ದಪ್ಪಕ್ಷರದಲ್ಲಿ ಸಿಗುತ್ತದೆ. ಎಷ್ಟು ಎಳೆಯಬಹುದು ಎಂಬ ಒಂದು ಸಾಲಿಗೆ ಹುಡುಕಬೇಕು. ಆಸ್ಟ್ರೇಲಿಯದ ಅಂಕಿಯನ್ನು ಕಣ್ಣುಮುಚ್ಚಿ ಇಲ್ಲಿ ಬಳಸುವಂತಿಲ್ಲ. ಆ ಅಂಕಿ ಆ ದೇಶದ ಮಾದರಿಗೆ, ಕಂಪನಿ ಒಪ್ಪಿದ ಕೊಂಡಿಗೆ ಕೊಟ್ಟದ್ದು. ಆದರೂ ಆ ಜೋಡಿ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಅದೇ ಎಂಜಿನ್, ಅದೇ ಚಾಸಿ. 2,500ಕ್ಕೂ 750ಕ್ಕೂ ನಡುವಿನ ಅಂತರವನ್ನು ನಿರ್ಧರಿಸಿದ್ದು ಟ್ರೇಲರಿನ ಬ್ರೇಕ್ ಒಂದೇ.

ಮೂಕಿಯ ಭಾರ

ಬಂದರಿನ ಕಂಟೇನರ್ ಟ್ರೇಲರಿಗೂ ನಮ್ಮ ಕ್ಯಾಂಪಿಂಗ್ ಟ್ರೇಲರಿಗೂ ಮೂಲದಲ್ಲೇ ಒಂದು ವ್ಯತ್ಯಾಸ ಇದೆ. ಕಂಟೇನರ್ ಟ್ರೇಲರಿನ ಮುಂಭಾಗ ಲಾರಿಯ ಹಿಂದಿನ ಗಾಲಿಗಳ ನೆತ್ತಿಯ ಮೇಲೆ ಕೂರುತ್ತದೆ. ಭಾರ ನೇರವಾಗಿ ಗಾಲಿಗೆ ಇಳಿಯುತ್ತದೆ. ಜೀಪಿನ ಕೊಂಡಿಯಾದರೋ ಹಿಂದಿನ ಗಾಲಿಗಿಂತ ಮೀಟರಿಗೂ ಮಿಕ್ಕಿ ಹಿಂದಿರುತ್ತದೆ. ಅಲ್ಲಿ ಬಿದ್ದ ಭಾರ ಹಿಂದಿನ ಆಕ್ಸಲ್ಲನ್ನು ಆಧಾರ ಮಾಡಿಕೊಂಡು ಗಾಡಿಯ ಮೂತಿಯನ್ನು ಮೇಲಕ್ಕೆ ಎತ್ತಲು ನೋಡುತ್ತದೆ. 

ಒಂದು ಲೆಕ್ಕ ಮಾಡೋಣ. 700 ಕಿಲೊ ತೂಗುವ ಟ್ರೇಲರ್, ಅದರ ಮೂಕಿ (ಮುಂದಕ್ಕೆ ಚಾಚಿ ಗಾಡಿಗೆ ಸಿಕ್ಕುವ ತೊಲೆ) ಕೊಂಡಿಯ ಮೇಲೆ 70 ಕಿಲೊ ಊರುತ್ತದೆ ಎನ್ನಿ. ಸ್ಕಾರ್ಪಿಯೊ-ಎನ್‌ನ ಮುಂದಿನ, ಹಿಂದಿನ ಗಾಲಿಗಳ ನಡುವೆ 2,750 ಮಿ.ಮೀ. ಅಂತರ. ಕೊಂಡಿ ಹಿಂದಿನ ಗಾಲಿಯಿಂದ 1.2 ಮೀಟರ್ ದೂರದಲ್ಲಿದ್ದರೆ ಮುಂದಿನ ಗಾಲಿಗಳ ಮೇಲಿನ ಭಾರ ಸುಮಾರು 30 ಕಿಲೊ ಇಳಿಯುತ್ತದೆ, ಹಿಂದಿನ ಗಾಲಿಗಳ ಮೇಲೆ ಸುಮಾರು 100 ಕಿಲೊ ಏರುತ್ತದೆ. ತಿರುಗಿಸುವುದು ಮುಂದಿನ ಗಾಲಿ, ಬ್ರೇಕಿನ ದೊಡ್ಡ ಪಾಲು ಹೊರುವುದೂ ಮುಂದಿನ ಗಾಲಿ. ಹಿಂದಿನ ಡಿಕ್ಕಿಯಲ್ಲೂ ಸಾಮಾನು ತುಂಬಿ, ಮೂರನೇ ಸಾಲಿನಲ್ಲೂ ಜನ ಕೂತರೆ ಸ್ಟಿಯರಿಂಗ್ ಹಗುರಾಗಿ ತೇಲುತ್ತದೆ. ಮೂಕಿಯ ಆ 70 ಕಿಲೊ ಗಾಡಿ ಹೊರಬಹುದಾದ ಒಟ್ಟು ಭಾರದೊಳಗೇ ಸೇರಬೇಕು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಟ್ರೇಲರ್ ಕಟ್ಟಿದ ದಿನ ಗಾಡಿಯಲ್ಲಿ ಒಬ್ಬ ದೊಡ್ಡ ಮನುಷ್ಯನ ಜಾಗ ಕಡಿಮೆ ಎಂದೇ ತಿಳಿಯಬೇಕು.

ಹಾಗಾದರೆ ಮೂಕಿಯ ಭಾರವನ್ನು ಪೂರ್ತಿ ತೆಗೆದರಾಯಿತಲ್ಲ ಎನ್ನಬೇಡಿ. ಎತ್ತಿನ ಗಾಡಿ ಕಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ನೊಗವೇ ಮೇಲೆದ್ದು ಕೊರಳ ಕಣ್ಣಿ ಬಿಗಿಯುತ್ತದೆ. ಎತ್ತು ನಡೆಯುವ ವೇಗದಲ್ಲಿ ಹಿಂಭಾರ ಒಂದು ತೊಂದರೆ ಅಷ್ಟೇ. 80 ಕಿ.ಮೀ. ವೇಗದಲ್ಲಿ ಅದು ಪ್ರಾಣಕ್ಕೆ ಎರವಾಗುತ್ತದೆ. ಹಿಂದೆ ಭಾರ ಹೆಚ್ಚಾದ ಟ್ರೇಲರ್ ಎಡಕ್ಕೂ ಬಲಕ್ಕೂ ಬಾಲ ಬೀಸತೊಡಗುತ್ತದೆ. ಪ್ರತಿ ಬೀಸಿಗೂ ಬಲ ಹೆಚ್ಚಿ, ಕೊನೆಗೆ ಟ್ರೇಲರೇ ಗಾಡಿಯನ್ನು ಓಡಿಸುತ್ತದೆ. ಅದಕ್ಕೇ ಟ್ರೇಲರಿನ ಒಟ್ಟು ತೂಕದ ಹತ್ತನೇ ಒಂದು ಪಾಲು ಮೂಕಿಯ ಮೇಲೆ ಇರಲಿ ಎಂಬ ಲೆಕ್ಕ. ಒಟ್ಟು ಸಾಮಾನಿನ ಹತ್ತರಲ್ಲಿ ಆರು ಪಾಲು ಆಕ್ಸಲ್ಲಿನ ಮುಂದಕ್ಕೆ, ಭಾರದ ವಸ್ತುಗಳು ಆಕ್ಸಲ್ಲಿನ ಹತ್ತಿರ, ನೆಲಮಟ್ಟಕ್ಕೆ. ನೀರಿನ ತೊಟ್ಟಿ ಎಲ್ಲಿದೆ ಎಂಬುದು ಇಲ್ಲಿ ಬಹಳ ಮುಖ್ಯ. 60 ಲೀಟರ್ ನೀರು ಎಂದರೆ 60 ಕಿಲೊ. ಅಡುಗೆ ಕಟ್ಟೆ ಚಂದ ಕಾಣಲಿ ಎಂದು ತೊಟ್ಟಿ, ಸಿಲಿಂಡರ್, ಫ್ರಿಜ್ಜು ಮೂರನ್ನೂ ಹಿಂಬದಿಗೆ ಜೋಡಿಸಿದ ಟ್ರೇಲರುಗಳನ್ನು ಕಂಡಿದ್ದೇನೆ. ನಿಂತಾಗ ಅವು ಕಣ್ಣಿಗೆ ಹಬ್ಬ. ಹೆದ್ದಾರಿಯಲ್ಲಿ ಅವುಗಳ ಹಿಂದೆ ಹೋಗಲು ನನಗೆ ಧೈರ್ಯ ಬರುವುದಿಲ್ಲ.

ಮೂಕಿಯ ಭಾರ ಅಳೆಯಲು ವಿಶೇಷ ಯಂತ್ರವೇನೂ ಬೇಡ. ಸಮತಟ್ಟಾದ ನೆಲದಲ್ಲಿ, ಸಾಮಾನು ಪೂರ್ತಿ ತುಂಬಿದ ಮೇಲೆ, ಮನೆಯಲ್ಲಿ ಮೈತೂಕ ನೋಡುವ ಯಂತ್ರದ ಮೇಲೆ ಒಂದು ಮರದ ತುಂಡು ನಿಲ್ಲಿಸಿ ಮೂಕಿಯನ್ನು ಅದರ ಮೇಲೆ ಇಳಿಸಿದರೆ ಅಂಕಿ ಸಿಗುತ್ತದೆ. ಹೊರಡುವ ಮುನ್ನ ಪ್ರತಿ ಸಲವೂ ಇದನ್ನು ಮಾಡಬೇಕು, ಏಕೆಂದರೆ ಸಾಮಾನು ಪ್ರತಿ ಸಲವೂ ಬೇರೆಯಾಗಿರುತ್ತದೆ.

ಬಾಲ ಬೀಸುವುದು ಶುರುವಾದರೆ ಏನು ಮಾಡಬೇಕು? ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ, ಕೈ ತಾನಾಗಿ ಎದುರು ದಿಕ್ಕಿಗೆ ತಿರುಗಿಸುತ್ತದೆ. ಎರಡೂ ಕೂಡದು. ಸ್ಟಿಯರಿಂಗನ್ನು ನೆಟ್ಟಗೆ ಹಿಡಿದು ಆಕ್ಸಲರೇಟರಿನಿಂದ ಕಾಲು ತೆಗೆಯಬೇಕು, ವೇಗ ತಾನೇ ಇಳಿಯಲು ಬಿಡಬೇಕು. ಟ್ರೇಲರಿಗೆ ಪ್ರತ್ಯೇಕ ವಿದ್ಯುತ್ ಬ್ರೇಕ್ ಇದ್ದರೆ ಅದೊಂದನ್ನೇ ಮೆಲ್ಲಗೆ ಒತ್ತಿದರೆ ಎಳೆದ ಹಗ್ಗದಂತೆ ನೆಟ್ಟಗಾಗುತ್ತದೆ. ಪುಣೆಯ ಎಕ್ಸ್‌ಪ್ರೆಸ್‌ವೇಯಲ್ಲಿ ವೋಲ್ವೊ ಬಸ್ಸು ಪಕ್ಕದಿಂದ ಮುನ್ನುಗ್ಗಿದಾಗ, 21.8 ಕಿ.ಮೀ. ಉದ್ದದ ಅಟಲ್ ಸೇತುವಿನ ಮೇಲೆ ಕಡಲ ಗಾಳಿ ಅಡ್ಡ ಬಡಿದಾಗ ಈ ಬೀಸು ಹುಟ್ಟಿಕೊಳ್ಳಬಹುದು. ಕಾರಿಗೆ ಅಲ್ಲಿ 100ರ ಮಿತಿ ಇದೆ ಎಂಬುದನ್ನು ಟ್ರೇಲರ್ ಕಟ್ಟಿದ ದಿನ ಮರೆತು 70ರ ಆಸುಪಾಸಿನಲ್ಲಿ ಎಡದ ಲೇನು ಹಿಡಿಯುವುದೇ ಸರಿ.

ಬೋರ್ ಘಾಟಿನ ಇಳಿಜಾರು

ಮುಂಬಯಿ ಸಮುದ್ರಮಟ್ಟದ ಊರು. ಕರಾವಳಿ ಹಿಡಿದು ಹೋಗದೆ ಬೇರೆ ಯಾವ ದಿಕ್ಕಿಗೆ ಕ್ಯಾಂಪಿಂಗ್‌ಗೆ ಹೊರಟರೂ ಸಹ್ಯಾದ್ರಿ ಅಡ್ಡ ನಿಲ್ಲುತ್ತದೆ. ಪುಣೆಯ ಕಡೆ ಬೋರ್ ಘಾಟ್, ನಾಸಿಕದ ಕಡೆ ಕಸಾರಾ ಘಾಟ್, ಜುನ್ನರದ ಕಡೆ ಮಾಳ್ಶೇಜ್. ಹೋಗುವಾಗ ಹತ್ತುವುದು, ಬರುವಾಗ ಇಳಿಯುವುದು. ಹತ್ತುವುದರ ಚಿಂತೆ ಎಲ್ಲರಿಗೂ ಇರುತ್ತದೆ. ರವಿವಾರ ಸಂಜೆ, ಮೈ ದಣಿದು, ಮಕ್ಕಳು ನಿದ್ದೆ ಹೋಗಿ, ಮುಂದೆ ವಾಹನಗಳ ಸಾಲು ಕೆಂಪು ದೀಪ ಹೊತ್ತಿಸಿ ನಿಂತಿರುವಾಗ ಇಳಿಯುವುದರ ಬಗ್ಗೆ ಯೋಚಿಸಿ.

ಲೋನಾವಳ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಖೋಪೋಲಿಗೆ ಬರುವಷ್ಟರಲ್ಲಿ 500 ಮೀಟರಿಗೂ ಹೆಚ್ಚು ಇಳಿದಿರುತ್ತೇವೆ. ಜನ, ಸಾಮಾನು ಸೇರಿ 2,400 ಕಿಲೊದ ಗಾಡಿ, ಹಿಂದೆ 700 ಕಿಲೊದ ಟ್ರೇಲರ್ ಎಂದರೆ ಆ ಇಳಿಜಾರಿನಲ್ಲಿ ಕರಗಿಸಬೇಕಾದ ಶಕ್ತಿ ನಾಲ್ಕು ಯೂನಿಟ್ ವಿದ್ಯುತ್ತಿಗೂ ಮಿಕ್ಕಿದ್ದು. ಅದರಲ್ಲಿ ಸುಮಾರು ಒಂದು ಯೂನಿಟ್ ಟ್ರೇಲರಿನದು. ಈ ಶಕ್ತಿಯ ಬಹುಪಾಲು ಎಂಜಿನ್ನಿನಲ್ಲಿ ಇಲ್ಲವೇ ಬ್ರೇಕಿನಲ್ಲಿ ಬಿಸಿಯಾಗಿ ಹೋಗಬೇಕು. ಬೋರ್ ಘಾಟಿನಲ್ಲಿ ಬ್ರೇಕ್ ಫೇಲಾದ ಲಾರಿಗಳ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವುದು ಇದಕ್ಕೇ. ಕಾದ ಬ್ರೇಕ್ ಪ್ಯಾಡು ಹಿಡಿತ ಬಿಡುತ್ತದೆ, ಬ್ರೇಕ್ ಎಣ್ಣೆ ಕುದಿದರೆ ಪೆಡಲು ನೆಲಕ್ಕೆ ಹೋಗುತ್ತದೆ. 

ಹಳೆಯ ಲಾರಿ ಚಾಲಕರು ಹೇಳುವ ಸೂತ್ರ ಇಲ್ಲಿ ನೂರಕ್ಕೆ ನೂರು ಸತ್ಯ: ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಆಟೊಮ್ಯಾಟಿಕ್ ಗಾಡಿಯಾದರೆ ಕೈಯಿಂದ ಗೇರು ಬದಲಿಸುವ ಸ್ಥಿತಿಗೆ ಹಾಕಿ ಎರಡರಲ್ಲೋ ಮೂರರಲ್ಲೋ ಕಟ್ಟಿಹಾಕಬೇಕು. ಘಾಟಿಯಲ್ಲಿ ಕಾರುಗಳಿಗೆ 60ರ ಮಿತಿ ಇದೆ. ಟ್ರೇಲರ್ ಇದ್ದರೆ 40 ಸಾಕು. ಬ್ರೇಕನ್ನು ಸವರುತ್ತ ಕೂರದೆ, ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟು ಆರಲು ಬಿಡಬೇಕು.

ಟ್ರೇಲರಿನ ಬ್ರೇಕಿನಲ್ಲೂ ಎರಡು ಬಗೆ. ಮೊದಲನೆಯದಕ್ಕೆ ತಂತಿ, ಸ್ವಿಚ್ಚು ಏನೂ ಬೇಡ. ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುತ್ತದೆ, ಆ ನೂಕಿಗೆ ಮೂಕಿಯ ತುದಿ ಒಳಗೆ ಸರಿದು ಟ್ರೇಲರಿನ ಬ್ರೇಕನ್ನು ಎಳೆಯುತ್ತದೆ. ಸರಳ, ಅಗ್ಗ. ಆದರೆ ಉದ್ದದ ಇಳಿಜಾರಿನಲ್ಲಿ ಎಂಜಿನ್ನಿನಿಂದ ಗಾಡಿಯನ್ನು ತಡೆದಷ್ಟು ಹೊತ್ತೂ ಟ್ರೇಲರ್ ನೂಕುತ್ತಲೇ ಇರುತ್ತದೆ, ಅದರ ಬ್ರೇಕು ಸವರಿಕೊಂಡೇ ಕಾಯುತ್ತದೆ. ಹಿಂದಕ್ಕೆ ತೆಗೆಯುವಾಗಲೂ ಹಿಡಿದುಕೊಳ್ಳುವ ಸ್ವಭಾವ ಹಳೆಯ ಮಾದರಿಗಳಿಗೆ ಇತ್ತು. ಎರಡನೆಯದು ವಿದ್ಯುತ್ ಬ್ರೇಕ್. ಚಾಲಕನ ಕೈಯಳತೆಯಲ್ಲಿ ಒಂದು ಪೆಟ್ಟಿಗೆ, ಟ್ರೇಲರಿನ ಡ್ರಮ್ಮಿನೊಳಗೆ ವಿದ್ಯುತ್ ಅಯಸ್ಕಾಂತ. ಎಷ್ಟು ಹಿಡಿಯಬೇಕು ಎಂಬುದು ಚಾಲಕನ ಕೈಯಲ್ಲಿರುತ್ತದೆ. ಘಾಟಿ ಇಳಿಯುವ ಊರಿಗೆ ಇದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಟೆಂಟಿನ ಬಟ್ಟೆ, ಅಡುಗೆಮನೆಯ ಸ್ಟೀಲು, ಬಣ್ಣದ ದೀಪ ಇವುಗಳಿಗೆ ಹಾಕುವ ದುಡ್ಡಿನಲ್ಲಿ ಕಡಿತ ಮಾಡಿ ಬ್ರೇಕಿಗೆ ಹಾಕಿ. ಕೊಂಡಿಯ ಕೆಳಗೆ ಎರಡು ಸುರಕ್ಷಾ ಸರಪಳಿಗಳನ್ನು ಒಂದರ ಮೇಲೊಂದು ಅಡ್ಡ ಹಾಯುವಂತೆ ಕಟ್ಟಿ. ಕೊಂಡಿಯ ಗುಂಡು ಕಳಚಿದರೂ ಮೂಕಿ ನೆಲಕ್ಕೆ ಕುಕ್ಕದೆ ಸರಪಳಿಗಳ ತೊಟ್ಟಿಲಲ್ಲಿ ಬೀಳುತ್ತದೆ.

ಕಾಗದ ಪತ್ರ

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. ಎಂಜಿನ್ ಇಲ್ಲ ಎಂದ ಮಾತ್ರಕ್ಕೆ ನೋಂದಣಿಯಿಂದ ಬಿಡುಗಡೆ ಇಲ್ಲ. 61ನೇ ಕಲಮು ಇದಕ್ಕೆಂದೇ ಇದೆ. ಟ್ರೇಲರಿಗೆ ಅದರದೇ ನಂಬರು ಅದರ ಬದಿಯಲ್ಲಿ, ಎಳೆಯುವ ಗಾಡಿಯ ನಂಬರೂ ಟ್ರೇಲರಿನ ಮೇಲೆ ಕಾಣುವಂತೆ. ತೂಕದ ಮೇಲೆ ಟ್ರೇಲರುಗಳನ್ನು ವಿಂಗಡಿಸುವಾಗ ಒಟ್ಟು 750 ಕಿಲೊ ಮೀರದವು ಮೊದಲ ವರ್ಗಕ್ಕೆ ಬರುತ್ತವೆ. ನಾನು ಮೇಲಿನ ಲೆಕ್ಕದಲ್ಲಿ 700 ಕಿಲೊ ಹಿಡಿದದ್ದಕ್ಕೆ ಇದೂ ಒಂದು ಕಾರಣ. ಗ್ಯಾರೇಜಿನಲ್ಲಿ ಬೆಸುಗೆ ಹಾಕಿಸಿ, ಬಣ್ಣ ಬಳಿದು, ಆಮೇಲೆ ಆರ್‌ಟಿಒಗೆ ಅಲೆಯುವುದು ತಲೆಕೆಳಗಾದ ದಾರಿ. ಮಾರುವವರ ಬಳಿ ಮೊದಲು ಕೇಳಬೇಕಾದ್ದು ಮಾದರಿಗೆ ಅನುಮೋದನೆ ಸಿಕ್ಕಿದೆಯೇ, ನೋಂದಣಿಗೆ ಬೇಕಾದ ಫಾರಂ 22 ಕೊಡುತ್ತೀರಾ ಎಂಬುದನ್ನು. ಉತ್ತರ ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಕೊಂಡಿಯ ವಿಚಾರ ಸ್ವಲ್ಪ ಸೂಕ್ಷ್ಮ. ಕಂಪನಿ ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು 52ನೇ ಕಲಮನ್ನು ವಿವರಿಸುತ್ತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಮುಂಬದಿಯ ಕಬ್ಬಿಣದ ಬುಲ್‌ಬಾರುಗಳ ಮೇಲೆ ಕ್ರಮ ಜರುಗಿಸಿ ಎಂದು ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಆದ್ದರಿಂದ ಹಿಂಬದಿಗೆ ಕೊಂಡಿ ಹಾಕಿಸುವ ಮೊದಲು ನಿಮ್ಮ ಆರ್‌ಟಿಒದಿಂದಲೂ ವಿಮಾ ಕಂಪನಿಯಿಂದಲೂ ಲಿಖಿತ ಉತ್ತರ ಪಡೆಯಿರಿ. ಚಾಸಿಯ ಉದ್ದದ ತೊಲೆಗೆ ಬೋಲ್ಟಿನಲ್ಲಿ ಕೂರುವ, ಗುಂಡಿನ ಭಾಗವನ್ನು ಪಿನ್ನು ಎಳೆದು ತೆಗೆಯಬಹುದಾದ ಕೊಂಡಿಯನ್ನೇ ಹಾಕಿಸಿ. ಟ್ರೇಲರ್ ಇಲ್ಲದ ದಿನ ಆ ಗುಂಡು ಹೊರಚಾಚಿಕೊಂಡಿದ್ದರೆ ಹಿಂದೆ ಬರುವ ಸ್ಕೂಟರಿನವರ ಮೊಣಕಾಲಿಗೆ ಅದು ಅಪಾಯ. ಮುಂಬಯಿಯ ದಟ್ಟಣೆಯಲ್ಲಿ ಈ ಎಚ್ಚರ ನಮಗಿರಬೇಕು.

ಟ್ರೇಲರ್ ಎಳೆಯಲು ಬೇರೆ ಚಾಲನಾ ಪರವಾನಗಿ ಬೇಕೇ ಎಂಬ ಅನುಮಾನಕ್ಕೆ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ 2001ರ ಒಂದು ಪ್ರಕರಣ ಬೆಳಕು ಚೆಲ್ಲುತ್ತದೆ. ಟ್ರ್ಯಾಕ್ಟರಿನ ಪರವಾನಗಿ ಇದ್ದವನು ಹಿಂದೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಆ ಪರವಾನಗಿ ನಿಷ್ಪ್ರಯೋಜಕವಾಗುವುದಿಲ್ಲ ಎಂದು ಕೋರ್ಟು ಹೇಳಿತು. ಆದರೂ ವಿಮೆಯಲ್ಲಿ ಟ್ರೇಲರಿನ ಹೆಸರು ಬೇರೆಯಾಗಿ ಇರಲೇಬೇಕು. ಇನ್ನು ದಾರಿಯ ಮಾತು. ದಕ್ಷಿಣ ಮುಂಬಯಿಯ ಕೋಸ್ಟಲ್ ರೋಡ್ 2024ರಲ್ಲಿ ತೆರೆದಾಗ ನಿಷೇಧಿತ ವಾಹನಗಳ ಪಟ್ಟಿಯಲ್ಲಿ ಟ್ರೇಲರ್ ಎಂಬ ಪದವೂ ಇತ್ತು. ಬರೆದವರ ಮನಸ್ಸಿನಲ್ಲಿದ್ದದ್ದು ಸರಕು ಟ್ರೇಲರೇ ಇರಬಹುದು. ತಡೆದು ನಿಲ್ಲಿಸಿದ ಪೊಲೀಸರ ಮುಂದೆ ವಾದಿಸುವುದಕ್ಕಿಂತ ಪೂರ್ವ ದ್ರುತಗತಿ ಮಾರ್ಗ ಹಿಡಿದು ಹೊರಬೀಳುವುದು ನೆಮ್ಮದಿ.

ರಾತ್ರಿ ಎಲ್ಲಿಡುವುದು?

ಇದೇ ಮುಂಬಯಿಯ ನಿಜವಾದ ಪ್ರಶ್ನೆ. ಸೊಸೈಟಿಯಲ್ಲಿ ಒಂದು ಮನೆಗೆ ಒಂದು ಪಾರ್ಕಿಂಗ್ ಸಿಕ್ಕರೆ ಪುಣ್ಯ. ಹೊಸ ಕಟ್ಟಡಗಳಲ್ಲಿ ಕಾರುಗಳು ಒಂದರ ಮೇಲೊಂದು ಕಬ್ಬಿಣದ ಅಟ್ಟದಲ್ಲಿ ಮಲಗುತ್ತವೆ. ನಾಲ್ಕು ಮೀಟರ್ ಉದ್ದದ ಟ್ರೇಲರನ್ನು ಅಲ್ಲಿ ಯಾವ ಸೆಕ್ರೆಟರಿ ಬಿಟ್ಟಾರು? ರಸ್ತೆ ಬದಿಯಲ್ಲಿ ಬಿಡುವುದು ನಾಗರಿಕರಿಗೆ ತಕ್ಕುದಲ್ಲ. ಗೋರೆಗಾಂವ್, ಅಂಧೇರಿಯ ಬೀದಿಗಳಲ್ಲಿ ಸಾಲಾಗಿ ನಿಲ್ಲುವ ವ್ಯಾನಿಟಿ ವ್ಯಾನುಗಳನ್ನು ನೋಡಿದವರಿಗೆ ಗಾಲಿಯ ಮೇಲಿನ ಕೋಣೆ ಎಷ್ಟು ರಸ್ತೆ ನುಂಗುತ್ತದೆ ಎಂಬುದು ಗೊತ್ತು. ಈ ವ್ಯಾನುಗಳನ್ನು ಹಿಂದಿ ಚಿತ್ರರಂಗಕ್ಕೆ ಪರಿಚಯಿಸಿದ ಕೀರ್ತಿಯನ್ನು ನಟಿ ಪೂನಂ ಧಿಲ್ಲೋನ್ ಅವರಿಗೆ ಕೊಡುತ್ತಾರೆ. ದೇಶದಲ್ಲಿ ಗಾಲಿಮನೆಯ ರುಚಿ ಮೊದಲು ಹತ್ತಿದ್ದು ಬಹುಶಃ ಈ ಊರಿಗೇ. ಆದರೆ ಅದು ತಾರೆಯರ ಪಾಲಿನದಾಗಿ ಉಳಿಯಿತು.

ಉಪಾಯ ಒಂದಿದೆ, ಮತ್ತು ಅದು ಘಾಟಿಯ ಇಳಿಜಾರಿನ ಸಮಸ್ಯೆಯನ್ನೂ ಅರ್ಧ ಬಗೆಹರಿಸುತ್ತದೆ. ಟ್ರೇಲರನ್ನು ಮುಂಬಯಿಗೆ ತರುವುದೇ ಬೇಡ. ಘಾಟಿಯ ಆಚೆ ಇಡಿ. ಕಾಮಶೇಟ್, ಇಗತ್‌ಪುರಿ, ಘೋಟಿಯ ಆಸುಪಾಸಿನಲ್ಲಿ ಹೊಲಮನೆಯವರು, ಸಣ್ಣ ಗೋದಾಮಿನವರು ತಿಂಗಳ ಬಾಡಿಗೆಗೆ ತಗಡಿನ ಸೂರು ಕೊಡಲು ಒಪ್ಪುತ್ತಾರೆ. ಊರಿನಿಂದ ಗಾಡಿ ಹಗುರಾಗಿ ಹೋಗುತ್ತದೆ, ಅಲ್ಲಿ ಕೊಂಡಿ ಸಿಕ್ಕಿಸಿಕೊಂಡು ಮುಂದಕ್ಕೆ. ರವಿವಾರ ಸಂಜೆ ಅಲ್ಲೇ ಬಿಟ್ಟು ಬರಿಗೈಯಲ್ಲಿ ಘಾಟಿ ಇಳಿಯಬಹುದು. ಮೂರು ನಾಲ್ಕು ಕುಟುಂಬ ಸೇರಿ ಒಂದು ಟ್ರೇಲರ್ ಇಟ್ಟುಕೊಂಡರೆ ಬಾಡಿಗೆ, ವಿಮೆ, ರಿಪೇರಿ ಎಲ್ಲ ಹಂಚಿಹೋಗುತ್ತದೆ. ವರ್ಷದ ಬಹುಪಾಲು ವಾರ ಸುಮ್ಮನೆ ನಿಲ್ಲುವ ವಸ್ತುವಿಗೆ ಒಬ್ಬರೇ ಯಜಮಾನರಾಗುವ ಅಗತ್ಯವೂ ಇಲ್ಲ. ಮಳೆಗಾಲದಲ್ಲಿ ಮಾತ್ರ ಅದನ್ನು ಮರೆಯಬೇಡಿ. ಮುಂಬಯಿಯ ಮಳೆ ಎರಡು ಸಾವಿರ ಮಿ.ಮೀ. ದಾಟುತ್ತದೆ, ಘಾಟಿಯ ನೆತ್ತಿಯ ಮೇಲೆ ಇನ್ನೂ ಹೆಚ್ಚು. ಒದ್ದೆಯಾಗಿ ಮಡಚಿಟ್ಟ ಟೆಂಟು ಕೆಲವೇ ದಿನಗಳಲ್ಲಿ ಬೂಸ್ಟು ಹಿಡಿಯುತ್ತದೆ. ಗಾಲಿಗಳನ್ನು ಜಾಕಿನ ಮೇಲೆತ್ತಿ, ಬೇರಿಂಗಿಗೆ ಹೊಸ ಗ್ರೀಸು ತುಂಬಿ, ಬ್ಯಾಟರಿ ಬಿಚ್ಚಿ ಮನೆಗೆ ತನ್ನಿ.

ಸರ್ಕಾರದ ಕಡೆಯಿಂದ ಕಾಗದದ ಮೇಲೆ ಬೆಂಬಲ ಇದೆ. ಕೇಂದ್ರ ಪ್ರವಾಸೋದ್ಯಮ ಇಲಾಖೆ 2010ರಲ್ಲಿ ಕಾರವಾನ್ ಮತ್ತು ಕಾರವಾನ್ ಪಾರ್ಕುಗಳ ನೀತಿ ತಂದಿತು. ಮಹಾರಾಷ್ಟ್ರ 2021ರಲ್ಲಿ ತನ್ನದೇ ಕಾರವಾನ್ ನೀತಿ ಪ್ರಕಟಿಸಿತು. ಅದರಲ್ಲಿ ಟೆಂಟ್ ಟ್ರೇಲರ್, ಮಡಚುವ ಕಾರವಾನ್, ಕ್ಯಾಂಪರ್ ಟ್ರೇಲರ್ ಎಂದು ಹೆಸರಿಸಿಯೇ ಹೇಳಿದೆ. ಹೆಸರಿಸಿದ ಮೇಲೆ ಅವು ನಿಲ್ಲುವ ಜಾಗ ಬೇಕಲ್ಲ. ರಾಜ್ಯ ಪ್ರವಾಸೋದ್ಯಮ ನಿಗಮವಾದ ಎಂಟಿಡಿಸಿಯ ಪ್ರತಿ ರೆಸಾರ್ಟಿನ ಅಂಗಳದಲ್ಲಿ ಎರಡು ಮೂರು ಸಮತಟ್ಟಾದ ಕಟ್ಟೆ, ಒಂದು ನಲ್ಲಿ, ಒಂದು ವಿದ್ಯುತ್ ಪ್ಲಗ್ಗು, ಕೊಳಕು ನೀರು ಇಳಿಯಲು ಒಂದು ಗುಂಡಿ, ಬಳಸಲು ಶೌಚಾಲಯ ಇಷ್ಟಿದ್ದರೆ ಸಾಕು. ದೊಡ್ಡ ಹೂಡಿಕೆ ಬೇಡದ ಈ ಕೆಲಸ ಇಷ್ಟು ವರ್ಷದಲ್ಲಿ ಎಲ್ಲೆಡೆ ಆಗಬೇಕಿತ್ತು ಎಂದು ನನಗೆ ಬೇಸರವಿದೆ. ಜಾಗ ಇಲ್ಲದಿರುವುದರಿಂದಲೇ ಗಾಡಿಗಳು ಕೆರೆಯ ಅಂಚಿಗೆ, ಕಡಲ ಮರಳಿಗೆ ನುಗ್ಗುತ್ತವೆ. ಅಲಿಬಾಗಿನ ಕಡೆಯ ತೀರದಲ್ಲಿ ಹೂತ ಜೀಪನ್ನು ಭರತದ ನೀರು ಮುಟ್ಟುವ ಮೊದಲು ಎಳೆಯಲು ಹಳ್ಳಿಯವರು ಟ್ರ್ಯಾಕ್ಟರ್ ತರಬೇಕಾಗುವ ದೃಶ್ಯ ಆ ಕಡೆ ಓಡಾಡಿದವರಿಗೆ ಹೊಸದಲ್ಲ. ನಾಲ್ಕು ಚಕ್ರಕ್ಕೂ ಬಲ ಹಾಯುವ ಗಾಡಿ ಇರುವುದು ಹದಗೆಟ್ಟ ದಾರಿಯನ್ನು ದಾಟಲು. ದಾರಿಯೇ ಇಲ್ಲದ ಕಡೆ, ಯಾರದೋ ಭತ್ತದ ಗದ್ದೆಯ ಬದುವಿನ ಮೇಲೆ ಹರಿಸಲು ಅಲ್ಲ.

“ಅಣ್ಣಾ, ಮೇ ತಿಂಗಳಲ್ಲಿ ಇದನ್ನು ಕಟ್ಟಿಕೊಂಡು ಕುಂದಾಪುರಕ್ಕೆ ಹೋಗಬಹುದಾ?” ಎಂದು ಊರಿನ ಹುಡುಗರು ಕೇಳುತ್ತಾರೆ. ಹೋಗಬಹುದು, ಮಾರಾಯ. ಆದರೆ ಒಂದೇ ರಾತ್ರಿಯಲ್ಲಿ ಮುಗಿಸುವ ಹಟ ಬಿಡಬೇಕು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹಗಲು ಮಾತ್ರ ಓಡಿಸಿ, ಚಿಪಳೂಣದ ಆಚೆಗೊಂದು ರಾತ್ರಿ, ಸಾವಂತವಾಡಿಯ ಬಳಿ ಇನ್ನೊಂದು ರಾತ್ರಿ ಎಂದು ಲೆಕ್ಕ ಹಾಕಿದರೆ ಆ ಪ್ರಯಾಣದಷ್ಟು ಸುಖ ಬೇರೆ ಇಲ್ಲ. ಬೆಳಗಾವಿಯ ದಾರಿ ಹಿಡಿಯುವುದಾದರೆ ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ದೀಪವಿಲ್ಲದೆ ಹೋಗುತ್ತಿರುತ್ತವೆ. ಸಂಜೆ ಆರರ ನಂತರ ಅಲ್ಲಿ ಗಾಡಿ ಓಡಿಸಬಾರದು.

ಮೊದಲ ಪ್ರವಾಸಕ್ಕೆ ಮಾತ್ರ ಅಷ್ಟು ದೂರ ಬೇಡ. ಅದಕ್ಕೂ ಮೊದಲು ಒಂದು ಬೆಳಗ್ಗೆ ಖಾಲಿ ಮೈದಾನಕ್ಕೆ ಹೋಗಿ ಹಿಂದಕ್ಕೆ ತೆಗೆಯುವುದನ್ನು ಕಲಿಯಿರಿ. ಸ್ಟಿಯರಿಂಗಿನ ತಳಭಾಗವನ್ನು ಹಿಡಿದು, ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆ ಸರಿಸಿದರೆ ಮನಸ್ಸಿಗೆ ಗೊಂದಲ ಕಡಿಮೆ. ಗಿಡ್ಡ ಟ್ರೇಲರ್ ಬೇಗ ಮುರಿದುಕೊಳ್ಳುತ್ತದೆ, ಆದ್ದರಿಂದ ಇಂಚಿಂಚೇ ಸರಿಸಿ. ಸಾಧ್ಯವೇ ಆಗದ ಜಾಗದಲ್ಲಿ ಕೊಂಡಿ ಬಿಚ್ಚಿ, ಮೂಕಿಯ ಪುಟ್ಟ ಗಾಲಿ ಇಳಿಸಿ, ಮನೆಮಂದಿ ಸೇರಿ ತಳ್ಳಿದರಾಯಿತು. ಸಣ್ಣ ಟ್ರೇಲರಿನ ಈ ಅನುಕೂಲ ದೊಡ್ಡದಕ್ಕೆ ಇಲ್ಲ.

ಆಮೇಲೆ ಭಂಡಾರದರಾ. ಅಕ್ಟೋಬರಿನಲ್ಲಿ ಮಳೆ ಬಿಟ್ಟು ಮಣ್ಣು ಗಟ್ಟಿಯಾದ ಮೇಲೆ, ಇಗತ್‌ಪುರಿಯ ಕಡೆ ಇಟ್ಟ ಟ್ರೇಲರನ್ನು ಕಟ್ಟಿಕೊಂಡು ಘೋಟಿಯ ದಾರಿಯಾಗಿ ಹೋಗಿ. ಮುಂಬಯಿಯ ಕಡೆಯಿಂದ ಇಗತ್‌ಪುರಿಯವರೆಗೆ 2025ರ ಜೂನ್‌ನಲ್ಲಿ ತೆರೆದ ಸಮೃದ್ಧಿ ಮಹಾಮಾರ್ಗದ ಕೊನೆಯ ಭಾಗ ಇದೆ. ಎಂಟು ಕಿ.ಮೀ.ಗೆ ಸಮೀಪದ ಅದರ ಸುರಂಗ ಕಸಾರಾ ಘಾಟನ್ನೇ ತಪ್ಪಿಸುತ್ತದೆ. ಪ್ರವರಾ ನದಿಗೆ ಕಟ್ಟಿ 1926ರಲ್ಲಿ ಮುಗಿಸಿದ ವಿಲ್ಸನ್ ಅಣೆಕಟ್ಟಿನ ಹಿನ್ನೀರು, ಎದುರಿಗೆ 1,646 ಮೀಟರಿನ ಕಳಸೂಬಾಯಿ. ನೀರಿನ ತೊಟ್ಟಿಯನ್ನು ಅಲ್ಲಿಗೆ ಹೋದ ಮೇಲೆ ತುಂಬಿಸಿ, ಮನೆಯಿಂದ ಹೊರಬೇಡಿ. ಜಾಗದ ಯಜಮಾನರನ್ನು ಕೇಳಿ, ಬಾಡಿಗೆ ಕೊಟ್ಟು ನಿಲ್ಲಿಸಿ. ಕೊಂಡಿ ಬಿಚ್ಚುವ ಮೊದಲು ಎರಡೂ ಗಾಲಿಗೆ ಅಡ್ಡಗಲ್ಲು ಕೊಡಿ, ಆಮೇಲೆ ನಾಲ್ಕು ಮೂಲೆಯ ಕಾಲುಗಳನ್ನು ಇಳಿಸಿ. ಈ ಕ್ರಮ ತಪ್ಪಿದರೆ ಇಳಿಜಾರಿನಲ್ಲಿ ಟ್ರೇಲರ್ ತಾನೇ ಹೊರಟುಬಿಡುತ್ತದೆ. ಮರುದಿನ ಹೊರಡುವಾಗ ಇದೇ ಕ್ರಮವನ್ನು ತಿರುವುಮುರುವು ಮಾಡಿ: ಮೂಲೆಯ ಕಾಲು ಎತ್ತಿ, ಕೊಂಡಿ, ಸರಪಳಿ, ದೀಪದ ವೈರು ಹಾಕಿ, ಕಡೆಗೆ ಅಡ್ಡಗಲ್ಲು ತೆಗೆಯಿರಿ. ಒಬ್ಬರು ಬ್ರೇಕ್ ಒತ್ತಿ, ಇನ್ನೊಬ್ಬರು ಹಿಂದೆ ನಿಂತು ಕೆಂಪು ದೀಪ ಹತ್ತಿತೇ ಎಂದು ನೋಡಿ ಹೇಳಿದ ಮೇಲೆ ಗೇರು ಹಾಕಿ.